ನಂದನ ನಾಳೆ

ನೋವು ಉಂಡವನೇ ನೋವನ್ನು ಬರೆಯಬೇಕು, ಮಿಕ್ಕವರು ಬರೆದದ್ದೆಲ್ಲ ಬರೀ ಕನಿಕರ ಅನ್ನುವ ಮಾತನ್ನು ನಾವು ಸಭೆಗಳಲ್ಲಿ ಗಟ್ಟಿಯಾಗಿ ಹೇಳುತ್ತ ಬಂದಿದ್ದೇವೆ. ಹೇಳಿದಾಗ ಚಪ್ಪಾಳೆಯೂ ಬೀಳುತ್ತದೆ. ಆದರೆ ಈ ಮಾತನ್ನು ಒಬ್ಬ ಕವಿಯ ಮೇಲೆ, ಒಂದು ಕೃತಿಯ ಮೇಲೆ ಇಟ್ಟು ಉಜ್ಜಿ ನೋಡಿದ್ದು ಕಡಿಮೆ. ಉಜ್ಜಿ ನೋಡೋಣ ಅಂತ ಈ ಸಲ ಕನ್ನಡದ ಗಡಿ ದಾಟಿ, ಕಾವೇರಿ ಸಮುದ್ರ ಸೇರುವ ತಂಜಾವೂರು ಸೀಮೆಗೆ ಹೋಗುತ್ತಿದ್ದೇವೆ. ಅಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಗೋಪಾಲಕೃಷ್ಣ ಭಾರತಿ ಎಂಬ ಬ್ರಾಹ್ಮಣ ಕವಿ, ವಾಗ್ಗೇಯಕಾರ ಇದ್ದ. ಸುಬ್ರಹ್ಮಣ್ಯ ಭಾರತಿ ಅಲ್ಲ, ಅವನಿಗಿಂತ ಎರಡು ತಲೆಮಾರು ಹಿಂದಿನವನು. ಈತ ಹಾಡುಗಳಲ್ಲಿ ಕಟ್ಟಿದ 'ನಂದನಾರ್ ಚರಿತ್ರ' ಒಬ್ಬ ಹೊಲೆಯನ ಕಥೆ. ಸಂಗೀತ ಸಭೆಗಳಲ್ಲಿ ಇವತ್ತಿಗೂ ಅದರ ಹಾಡುಗಳು ಕೇಳುತ್ತವೆ. ಈತ ನಮ್ಮವನೋ ಅಲ್ಲವೋ?

ಹುಟ್ಟು, ಊರು ಬೇಗ ಹೇಳಿ ಮುಗಿಸುತ್ತೇವೆ. ಹುಟ್ಟಿದ್ದು ೧೮೧೦ರ ಸುಮಾರಿಗೆ, ನಾಗಪಟ್ಟಣದ ಹತ್ತಿರ ನರಿಮಣಂ ಎಂಬ ಹಳ್ಳಿಯಲ್ಲಿ. ಬದುಕಿದ್ದು ಮುಡಿಕೊಂಡಾನ್, ಆನಂದತಾಂಡವಪುರ, ಮಾಯವರಂ ಹೀಗೆ ಗದ್ದೆ ಬಯಲಿನ ಊರುಗಳಲ್ಲಿ. ಮದುವೆಯಾಗಲಿಲ್ಲ. ವೇದಾಂತ ಕಲಿತ, ಕಥಾಕಾಲಕ್ಷೇಪ ಮಾಡಿದ, ಉಳ್ಳವರ ಮನೆಯ ಆಶ್ರಯದಲ್ಲಿದ್ದ. ತಿರುವೈಯಾರಿಗೆ ಹೋಗಿ ತ್ಯಾಗರಾಜರನ್ನು ಕಂಡ, ಅವರ ಮಾತಿನ ನೆಪದಿಂದ ಆಭೋಗಿ ರಾಗದಲ್ಲಿ 'ಸಭಾಪತಿಕ್ಕು' ಕಟ್ಟಿದ ಅಂತ ಸಂಗೀತಗಾರರು ಸಂಭ್ರಮದಿಂದ ಹೇಳುತ್ತಾರೆ. ಅದು ಅವರ ಸಂಭ್ರಮ, ಇರಲಿ. ತಿರುನೀಲಕಂಠ, ಇಯರ್ಪಗೈ, ಕಾರೈಕಾಲ್ ಅಮ್ಮೈಯಾರ್ ಮುಂತಾದ ಶಿವಭಕ್ತರ ಚರಿತ್ರೆಗಳನ್ನೂ ಬರೆದ. ೧೮೯೬ರಲ್ಲಿ ತೀರಿಕೊಂಡ. ಇವನ ಜೀವನ ಚರಿತ್ರೆ ಬರೆದವರು ಇವನ ಬಳಿ ಕೆಲಕಾಲ ಸಂಗೀತ ಕಲಿತಿದ್ದ ಉ. ವೇ. ಸ್ವಾಮಿನಾಥ ಅಯ್ಯರ್, ತಮಿಳಿನ ಹಳೆಯ ಗ್ರಂಥಗಳನ್ನು ಹುಡುಕಿ ಅಚ್ಚು ಹಾಕಿಸಿದ ಪಂಡಿತರು.

ನಂದ ಭಾರತಿಯ ಸೃಷ್ಟಿಯಲ್ಲ. ನಮ್ಮ ಶಿವಕವಿಗಳು ಅರವತ್ತುಮೂವರು ಪುರಾತನರು ಅಂತ ಹಾಡಿದರಲ್ಲ, ನಂಜನಗೂಡಿನ ಗುಡಿಯಲ್ಲಿ ಸಾಲಾಗಿ ನಿಲ್ಲಿಸಿದ್ದಾರಲ್ಲ, ಅವರಲ್ಲಿ ಒಬ್ಬ. ತಮಿಳಿನಲ್ಲಿ ಅವನ ಹೆಸರು ತಿರುನಾಳೈಪ್ಪೋವಾರ್, ಅಂದರೆ ನಾಳೆ ಹೋಗುವವನು. ಎಂಟನೆಯ ಶತಮಾನದ ಸುಂದರರ್ ಬರೀ ಹೆಸರು ಹೇಳಿ ಮುಂದೆ ಹೋದ. ಹನ್ನೆರಡನೆಯ ಶತಮಾನದಲ್ಲಿ ಚೋಳರ ಆಸ್ಥಾನದ ಸೇಕ್ಕಿಳಾರ್ 'ಪೆರಿಯ ಪುರಾಣ'ದಲ್ಲಿ ಕಥೆಯನ್ನು ಹಿಗ್ಗಿಸಿದ. ಆದನೂರಿನ ಹೊಲಗೇರಿಯನ್ನು ಅವನು ಕಣ್ಣಿಟ್ಟು ನೋಡಿದ್ದಾನೆ: ಒಣಹಾಕಿದ ತೊಗಲು, ಕೋಳಿ ಮರಿ, ನಾಯಿ ಮರಿ, ಮರಕ್ಕೆ ನೇತುಹಾಕಿದ ವಾದ್ಯಗಳು. (ತಮಿಳಿನ ಪುಲೈ, ನಮ್ಮ ಹೊಲೆ ಎರಡೂ ಒಂದೇ ಬೇರಿನ ಮಾತು. ಭಾಷೆ ಬೇರೆಯಾದರೂ ಅವಮಾನಕ್ಕೆ ಒಂದೇ ಪದ ಸಾಕಾಯಿತು.) ನಂದ ಗುಡಿಯ ನಗಾರಿ ಮದ್ದಳೆಗಳಿಗೆ ತೊಗಲು, ವೀಣೆ ಯಾಳುಗಳಿಗೆ ನರದ ತಂತಿ ಒದಗಿಸುತ್ತಿದ್ದ. ಅವನು ಕೊಟ್ಟ ತೊಗಲು ಒಳಗೆ ಹೋಗುತ್ತಿತ್ತು, ಅವನು ಹೋಗುವಂತಿರಲಿಲ್ಲ. ತಿರುಪ್ಪುಂಗೂರಿನಲ್ಲಿ ಹೊರಗೆ ನಿಂತು ಶಿವನನ್ನು ನೋಡಬೇಕೆಂದಾಗ ನಂದಿ ಅಡ್ಡ ಇತ್ತು, ಶಿವ ನಂದಿಯನ್ನು ಸ್ವಲ್ಪ ಸರಿಸಿದ ಅನ್ನುತ್ತದೆ ಪುರಾಣ. ಉಡುಪಿಯ ಕನಕನ ಕಿಂಡಿಯ ಕಥೆ ಬಲ್ಲ ನಮಗೆ ಇದು ಹೊಸತಲ್ಲ. ಅಲ್ಲಿ ಕೃಷ್ಣನೇ ತಿರುಗಿದ, ಇಲ್ಲಿ ಬಸವಣ್ಣ ಸರಿದ. ಎರಡು ಕಡೆಯೂ ಕಲ್ಲಿನ ದೇವರು ಅಲುಗಾಡಿದ, ಬಾಗಿಲು ಕಾಯುವ ಮನುಷ್ಯ ಅಲುಗಾಡಲಿಲ್ಲ.

ಆಮೇಲೆ ಚಿದಂಬರ. ನಾಳೆ ಹೋಗುತ್ತೇನೆ, ನಾಳೆ ಹೋಗುತ್ತೇನೆ ಅಂತ ದಿನ ದೂಡಿ ಕೊನೆಗೆ ಹೋದ, ಊರ ಎಲ್ಲೆಯನ್ನು ಸುತ್ತಿದ, ಒಳಗೆ ಕಾಲಿಡಲಿಲ್ಲ. ಶಿವ ಕನಸಿನಲ್ಲಿ ಬಂದು ಬೆಂಕಿಯಲ್ಲಿ ಮಿಂದು ಬಾ ಅಂದ. ದೀಕ್ಷಿತರ ಕನಸಿಗೂ ಹೋಗಿ ಬೆಂಕಿ ಸಿದ್ಧ ಮಾಡಿ ಅಂದ. ನಂದ ಬೆಂಕಿ ಹೊಕ್ಕು ಜನಿವಾರ ಜುಟ್ಟು ತೊಟ್ಟ ಮುನಿಯಾಗಿ ಎದ್ದು ಬಂದು, ಗುಡಿಯೊಳಗೆ ಹೋಗಿ ಕಾಣದಾದ. ಸೇಕ್ಕಿಳಾರನ ಕಥೆ ಇಷ್ಟು.

ಈಗ ಗೋಪಾಲಕೃಷ್ಣ ಭಾರತಿ ಏನು ಮಾಡಿದ ನೋಡಿ. ಸೇಕ್ಕಿಳಾರನ ನಂದನಿಗೆ ಒಡೆಯ ಇಲ್ಲ. ಭಾರತಿಯ ನಂದನಿಗೆ ಒಡೆಯ ಇದ್ದಾನೆ. ಅವನು ವೇದಿಯರ್, ವೇದ ಓದಿದ ಬ್ರಾಹ್ಮಣ ಜಮೀನ್ದಾರ. ನಂದ ಅವನ ಗದ್ದೆಯ ಆಳು. ಚಿದಂಬರಕ್ಕೆ ಹೋಗಿ ಬರ್ತೀನಿ ಬುದ್ಧಿ ಅಂತ ಅಂಗಲಾಚಿದರೆ, ಹೊಲೆಯನಿಗೆ ಯಾವ ಚಿದಂಬರವೋ ಅಂತ ಗದರುತ್ತಾನೆ. ಇದು ಪುರಾಣದಲ್ಲಿ ಇಲ್ಲ. ಇಲ್ಲದ್ದನ್ನು ಸೇರಿಸಿದ್ದು ತಪ್ಪು ಅಂತ ಪಂಡಿತರು ಮುಖ ಸಿಂಡರಿಸಿದರೆ ಸಿಂಡರಿಸಲಿ. ನಮ್ಮ ಮಟ್ಟಿಗೆ ಈ ಕವಿಯ ದೊಡ್ಡ ಕೆಲಸ ಇದೇ. ಯಾಕೆಂದರೆ ಇಲ್ಲಿ 'ನಾಳೆ' ಅನ್ನುವ ಪದದ ಅರ್ಥವೇ ಬದಲಾಗಿಬಿಟ್ಟಿತು. ಪುರಾಣದ ನಂದ ನಾಳೆ ಅಂದದ್ದು ತನ್ನೊಳಗಿನ ಅಳುಕಿನಿಂದ, ತನ್ನ ಹುಟ್ಟಿನ ಮೇಲೆ ತನಗೇ ಹುಟ್ಟಿಸಿದ್ದ ಹೇಸಿಗೆಯಿಂದ. ಭಾರತಿಯ ನಂದ ನಾಳೆ ಅನ್ನಬೇಕಾದ್ದು ಇವತ್ತು ಅವನದಲ್ಲವಾದ್ದರಿಂದ. ಇವತ್ತು ಒಡೆಯನದು. ನಾಳೆಯೂ ಒಡೆಯನದೇ, ಆದರೆ ಅದನ್ನು ಬಾಯಲ್ಲಾದರೂ ತನ್ನದು ಅಂದುಕೊಳ್ಳಬಹುದು. ಜೀತ ಕಂಡ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಂಗಿ ಮದುವೆಗೆ ಹೋಗಬೇಕಾದರೂ, ಸತ್ತವರ ಮಣ್ಣಿಗೆ ಹೋಗಬೇಕಾದರೂ ಗೌಡರನ್ನು ಕೇಳಿ ಬರ್ತೀನಿ ಅನ್ನುತ್ತಿದ್ದ ನಮ್ಮ ಅಜ್ಜಂದಿರು ನಂದನ ಸಮಸ್ಯೆ ಮಡಿ ಮೈಲಿಗೆಯದು ಮಾತ್ರ ಅಲ್ಲ ಅಂತ ತಕ್ಷಣ ಹಿಡಿಯುತ್ತಿದ್ದರು.

ಭಾರತಿ ಇದನ್ನು ಕಲ್ಪಿಸಿಕೊಂಡು ಬರೆಯಲಿಲ್ಲ, ಕಂಡು ಬರೆದ ಅನ್ನಿಸುತ್ತದೆ. ತಂಜಾವೂರಿನ ಗದ್ದೆಗಳಲ್ಲಿ ಪಣ್ಣೆಯಾಳುಗಳು ಭೂಮಿಯ ಜೊತೆಗೇ ಕೈ ಬದಲಾಗುತ್ತಿದ್ದ ಕಾಲ ಅದು. ೧೮೪೩ರಲ್ಲಿ ಗುಲಾಮಗಿರಿಗೆ ಕಾನೂನಿನ ಮನ್ನಣೆ ತಪ್ಪಿತು. ಆಳನ್ನು ಗುಲಾಮನಾಗಿ ಕೊಳ್ಳುವುದು ಮಾರುವುದು ಅಪರಾಧ ಅಂತ ೧೮೬೦ರ ದಂಡಸಂಹಿತೆ ಹೇಳಿತು. ನಂದನಾರ್ ಚರಿತ್ರ ಅಚ್ಚಾದದ್ದು ೧೮೬೧ರ ಸುಮಾರಿಗೆ, ಪಕ್ಕದ ಕಾರೈಕಾಲಿನ ಫ್ರೆಂಚ್ ಅಧಿಕಾರಿಯೊಬ್ಬನ ನೆರವಿನಿಂದ. ಅದೇ ಕಾಲಕ್ಕೆ ನಾಗಪಟ್ಟಣದ ಬಂದರಿನಿಂದ ಗದ್ದೆಯಾಳುಗಳು ಪಿನಾಂಗಿಗೆ ಹಡಗು ಹತ್ತುತ್ತಿದ್ದರು. ಕಾನೂನು ಏನೇ ಹೇಳಿದರೂ ಗದ್ದೆಯಲ್ಲಿ ಅದು ನಡೆಯಲು ಎಷ್ಟು ಕಾಲ ಹಿಡಿಯಿತು ಅಂದರೆ, ತಂಜಾವೂರಿನ ಪಣ್ಣೆಯಾಳುಗಳ ರಕ್ಷಣೆಗೆ ಅಂತಲೇ ಬೇರೆ ಕಾಯಿದೆ ಬರಲು ೧೯೫೨ರ ತನಕ ಕಾಯಬೇಕಾಯಿತು. ಆ ಸೀಮೆಯ ಬ್ರಾಹ್ಮಣ ಕವಿಯೊಬ್ಬ ತನ್ನದೇ ಜಾತಿಯ ಒಡೆಯನನ್ನು ಕಥೆಯೊಳಗೆ ಎಳೆತಂದು ನಿಲ್ಲಿಸಿದ. ಅಂಥವರ ಜಗಲಿಯಲ್ಲೇ ಕೂತು ಉಂಡವನು ಇದನ್ನು ಮಾಡಿದ. ಈ ಧೈರ್ಯವನ್ನು ಕಡೆಗಣಿಸಿ ಮಾತಾಡುವುದು ಅಪ್ರಾಮಾಣಿಕತೆ.

ಅವನ ಭಾಷೆಯ ವಿಚಾರಕ್ಕೂ ಬರೋಣ. ಪಂಡಿತರ ಕಟ್ಟುನಿಟ್ಟಿನ ತಮಿಳು ಅವನದಲ್ಲ. ನೊಂಡಿಚ್ಚಿಂದು ಮುಂತಾದ ಜನಪದ ಮಟ್ಟುಗಳು, ಲಾವಣಿ ಧಾಟಿ, ಗದ್ದೆಯಲ್ಲಿ ಆಡುವ ಮಾತು. ಪುಸ್ತಕಕ್ಕೆ ಮುನ್ನುಡಿಯ ಪದ್ಯ ಬರೆದುಕೊಡಿ ಅಂತ ಆ ಕಾಲದ ಮಹಾವಿದ್ವಾನ್ ಮೀನಾಕ್ಷಿಸುಂದರಂ ಪಿಳ್ಳೆಯ ಹತ್ತಿರ ಹೋದರೆ, ವ್ಯಾಕರಣ ದೋಷ ತುಂಬಿದ ಕೃತಿ ಅಂತ ಅವರು ಮನಸ್ಸು ಮಾಡಲಿಲ್ಲ. ಮತ್ತೆ ಮತ್ತೆ ಅಲೆಸಿದರು. ಒಂದು ಮಧ್ಯಾಹ್ನ ಪಿಳ್ಳೆ ಒಳಗೆ ಮಲಗಿದ್ದಾಗ ಭಾರತಿ ಜಗಲಿಯ ಮೇಲೆ ಕೂತು ತನ್ನ ಪಾಡಿಗೆ ನಂದನ ಹಾಡು ಹಾಡಿಕೊಂಡನಂತೆ, ಪಿಳ್ಳೆಯ ಕಣ್ಣಲ್ಲಿ ನೀರು ಬಂತಂತೆ, ಪದ್ಯ ಬರೆದುಕೊಟ್ಟರಂತೆ. ಸ್ವಾಮಿನಾಥ ಅಯ್ಯರ್ ಹೇಳಿರುವ ಸಂಗತಿ ಇದು. ನಾಳೆ ಬಾ ಅನ್ನಿಸಿಕೊಂಡು ಜಗಲಿಯಲ್ಲಿ ಕಾದ ಕವಿಗೆ ನಂದನ ಹಾಡು ಆ ಹೊತ್ತಿಗೆ ಎಷ್ಟು ಒಳಗಿಳಿದಿತ್ತೋ. ನಮ್ಮ ಹುಡುಗರ ಪದ್ಯಕ್ಕೂ ವ್ಯಾಕರಣದ ತಪ್ಪು ತೋರಿಸಿ ವಾಪಸು ಕಳಿಸುವ ಪಿಳ್ಳೆಗಳು ಇದ್ದೇ ಇದ್ದಾರೆ, ಆದರೆ ಅವರಿಗೆ ಮಧ್ಯಾಹ್ನದ ನಿದ್ದೆ ಗಾಢ.

ಇಷ್ಟು ಹೇಳಿದ ಮೇಲೆ ಗೆಳೆಯರು ಕೇಳುತ್ತಾರೆ: ಹಾಗಾದರೆ ನಮ್ಮವನೇ ಅಲ್ಲವೇ? ತಡೆಯಿರಿ.

ಒಡೆಯ ಕೊನೆಗೆ ಒಂದು ಷರತ್ತು ಹಾಕುತ್ತಾನೆ. ನಲವತ್ತು ವೇಲಿ ಗದ್ದೆಯ ಕೆಲಸ ಮುಗಿಸಿ ಹೋಗು. ಒಂದು ವೇಲಿ ಅಂದರೆ ಆರೂವರೆ ಎಕರೆಗೆ ಮೇಲೆ, ನಲವತ್ತು ಅಂದರೆ ೨೬೦ ಎಕರೆ ದಾಟುತ್ತದೆ. ಹೋಗಬೇಡ ಅನ್ನುವುದನ್ನೇ ಲೆಕ್ಕದಲ್ಲಿ ಹೇಳಿದ್ದು ಅಷ್ಟೆ. ನಂದ ಕುಸಿಯುತ್ತಾನೆ, ಶಿವನನ್ನು ನೆನೆಯುತ್ತಾನೆ, ಬೆಳಗಾಗುವುದರೊಳಗೆ ನಲವತ್ತು ವೇಲಿಯೂ ತೆನೆ ತೂಗಿ ನಿಂತಿರುತ್ತದೆ. ಒಡೆಯ ಬೆರಗಾಗಿ ಆಳಿನ ಕಾಲಿಗೆ ಬೀಳುತ್ತಾನೆ. ಕಥಾಕಾಲಕ್ಷೇಪದಲ್ಲಿ ಈ ಘಟ್ಟ ಬಂದಾಗ ಜನ ಅತ್ತರಂತೆ. ಅಳಬೇಕಾದ್ದೇ. ಆದರೆ ಅತ್ತ ಮೇಲೆ ಕಣ್ಣೊರೆಸಿಕೊಂಡು ಗದ್ದೆಯ ಕಡೆ ಒಮ್ಮೆ ನೋಡಬೇಕು. ಒಡೆಯ ಕಳೆದುಕೊಂಡದ್ದೇನು? ಒಂದು ಎಕರೆಯೂ ಇಲ್ಲ. ಜೀತದ ಕೆಲಸ ನಿಲ್ಲಲಿಲ್ಲ, ದೇವರೇ ಬಂದು ಮಾಡಿಕೊಟ್ಟ. ಉಳಿದ ಆಳುಗಳು ಮರುದಿನ ಎಂದಿನಂತೆ ಕೆಸರಿಗೆ ಇಳಿದಿರಬೇಕು. ಭಾರತಿ ಒಡೆಯನ ಕ್ರೌರ್ಯವನ್ನು ಕಂಡ, ಒಡೆತನದ ಕ್ರೌರ್ಯವನ್ನು ಕಾಣಲಿಲ್ಲ. ಕೆಟ್ಟ ಒಡೆಯ ಒಳ್ಳೆಯ ಒಡೆಯನಾದರೆ ಅವನಿಗೆ ಸಾಕು. ಇದು ಬರೀ ಭಾರತಿಯ ಮಿತಿಯಲ್ಲ. ಕನಿಕರ ಅನ್ನುವ ಭಾವಕ್ಕೇ ಇರುವ ಮಿತಿ ಇದು. ಕನಿಕರ ಒಬ್ಬನ ಮುಖ ನೋಡಿ ಹುಟ್ಟುತ್ತದೆ. ನಂದ ಒಬ್ಬನೇ, ಅವನು ಭಕ್ತ, ಅವನು ಸಾಧು, ಆದ್ದರಿಂದ ಅವನಿಗೆ ರಜೆ ಸಿಗಬೇಕು. ಭಕ್ತನಲ್ಲದ, ಸಾಧುವಲ್ಲದ, ಹೆಂಡ ಕುಡಿದು ಬಯ್ಯುವ ಪಕ್ಕದ ಗುಡಿಸಲಿನ ಆಳಿಗೆ ರಜೆ ಸಿಗಬೇಕೋ ಬೇಡವೋ? ಕನಿಕರಕ್ಕೆ ಈ ಪ್ರಶ್ನೆ ಅರ್ಥವಾಗೋದಿಲ್ಲ. ನ್ಯಾಯ ಇಲ್ಲಿಂದಲೇ ಶುರುವಾಗಬೇಕು.

ಆ ಪಕ್ಕದ ಗುಡಿಸಲಿನವರನ್ನು ಭಾರತಿ ಹೇಗೆ ತೋರಿಸಿದ್ದಾನೆ ಅನ್ನುವುದು ನಮಗೆ ಇನ್ನೂ ನೋಯುವ ಜಾಗ. ಕೇರಿಯ ಹಿರಿಯ, ಉಳಿದ ಆಳುಗಳು ನಗೆಪಾಟಲಿನ ಪಾತ್ರಗಳು. ಅವರ ದೇವರು ಕೋಳಿ ಕುರಿ ಕೇಳುವ ಊರ ದೇವತೆಗಳು, ಅವರ ಪೂಜೆ ಹೆಂಡ ಮಾಂಸದ್ದು. ನಂದ ಅವರಿಗೆ ಬುದ್ಧಿ ಹೇಳುತ್ತಾನೆ: ಇವನ್ನೆಲ್ಲ ಬಿಡಿ, ಶಿವನನ್ನು ಹಿಡಿಯಿರಿ. ಕೇಳದ ಅವರು ಹೋಗಿ ಒಡೆಯನಿಗೆ ಚಾಡಿ ಹೇಳುತ್ತಾರೆ. ಒಳ್ಳೆಯವನಾಗಬೇಕಾದರೆ ನಂದ ಮೊದಲು ತನ್ನ ಕೇರಿಯಿಂದ ಹೊರಗೆ ನಡೆಯಬೇಕು, ತನ್ನ ಮಾರಮ್ಮನನ್ನು ಬಯ್ಯಬೇಕು. ಓದಲು ಹೋದ ನಮ್ಮ ಮಕ್ಕಳಿಗೆ ಹಾಸ್ಟೆಲಿನಲ್ಲಿ, ಕಾಲೇಜಿನಲ್ಲಿ ಇದೇ ಪರೀಕ್ಷೆ ಎದುರಾಗುತ್ತದೆ ಅನ್ನುವುದು ಮೇಷ್ಟ್ರುಗಳಿಗೆ ಗೊತ್ತು. ನೀನು ಅವರ ಹಾಗಲ್ಲ ಬಿಡಪ್ಪ ಅಂತ ಬೆನ್ನು ತಟ್ಟುವ ಕೈ ಇದೆಯಲ್ಲ, ಅದು ಬೆನ್ನು ತಟ್ಟುತ್ತಲೇ ಒಬ್ಬನನ್ನು ಅವನ ಅವ್ವನಿಂದ ಬೇರೆ ಮಾಡುತ್ತದೆ. ನಂದನನ್ನು ಹೊಗಳುವ ಎಷ್ಟೋ ಮಾತಿನಲ್ಲಿ ಆ ಕೈ ಇದೆ.

ಇನ್ನು ಬೆಂಕಿ. ಒಡೆಯನನ್ನು ಕಾಲಿಗೆ ಬೀಳಿಸಿದ ಕವಿ ಗುಡಿಯ ಬಾಗಿಲ ಹತ್ತಿರ ಬಂದಾಗ ಸೇಕ್ಕಿಳಾರನಿಗೆ ಶರಣಾಗಿಬಿಟ್ಟ. ಮಾಂಜಿ ರಾಗದ 'ವರುಗಲಾಮೋ' ಹಾಡಿನಲ್ಲಿ ನಂದ ಹೊರಗೆ ನಿಂತು, ನಾನು ಬರಬಹುದೇ ಅಂತ ಶಿವನನ್ನು ಕೇಳುತ್ತಾನೆ. ಆ ಹಾಡು ಕೇಳಿ ಕರುಳು ಹಿಂಡದವನು ಮನುಷ್ಯನಲ್ಲ. ಆದರೆ ಉತ್ತರ ಬಾ ಅಂತ ಬರಲಿಲ್ಲ, ಸುಟ್ಟುಕೊಂಡು ಬಾ ಅಂತ ಬಂತು. ಹೊಲೆಯ ಹೊಲೆಯನಾಗಿಯೇ ಒಳಗೆ ಹೋದರೆ ದೇವರಿಗೆ ಏನಾಗುತ್ತಿತ್ತು? ಪುರಾಣ ಬರೆದವನಿಗೂ ಹಾಡು ಕಟ್ಟಿದವನಿಗೂ ಈ ಪ್ರಶ್ನೆ ಕೇಳುವುದಕ್ಕೆ ಬಾಯಿ ಬರಲಿಲ್ಲ. ನಲವತ್ತು ವೇಲಿಯನ್ನು ರಾತ್ರೋರಾತ್ರಿ ಬೆಳೆಸಿದ ಕಲ್ಪನೆ ಹತ್ತು ಹೆಜ್ಜೆ ಹೊಸಲು ದಾಟಿಸಲಾರದೆ ಸೋತಿತು.

ಪುರಾಣದ ಬೆಂಕಿ ತಾನೆ, ಅದನ್ನೇಕೆ ಇಷ್ಟು ಹಚ್ಚಿಕೊಳ್ಳುತ್ತೀರಿ ಅನ್ನುವವರಿಗೆ ಒಂದು ಮಾತು. ನರಿಮಣಂ ಇರುವ ಅದೇ ನಾಗಪಟ್ಟಣದ ಸೀಮೆಯಲ್ಲಿ ಕೀಳ್ವೆಣ್ಮಣಿ ಅಂತ ಒಂದು ಹಳ್ಳಿ ಇದೆ. ಕೂಲಿಯ ಭತ್ತ ಹೆಚ್ಚಿಗೆ ಕೇಳಿದರು, ಕೆಂಬಾವುಟ ಹಿಡಿದರು ಅನ್ನುವ ಕಾರಣಕ್ಕೆ ೧೯೬೮ರ ಡಿಸೆಂಬರ್ ೨೫ರ ರಾತ್ರಿ ಅಲ್ಲಿನ ಒಂದು ಗುಡಿಸಲಲ್ಲಿ ೪೪ ಮಂದಿ ದಲಿತರನ್ನು ಸುಟ್ಟರು. ಹೆಚ್ಚಿನವರು ಹೆಂಗಸರು, ಮಕ್ಕಳು. ಆಪಾದಿತ ಜಮೀನ್ದಾರರನ್ನು ಮದರಾಸು ಹೈಕೋರ್ಟು ಬಿಡುಗಡೆ ಮಾಡಿತು. ಆ ಬೆಂಕಿಯಿಂದ ಯಾರೂ ಜನಿವಾರ ಹಾಕಿಕೊಂಡು ಎದ್ದು ಬರಲಿಲ್ಲ. ಇದಾದ ಹತ್ತು ವರ್ಷಕ್ಕೆ, ೧೯೭೮ರಲ್ಲಿ, ಇಂದಿರಾ ಪಾರ್ಥಸಾರಥಿ 'ನಂದನ್ ಕದೈ' ನಾಟಕ ಬರೆದು ನಂದನ ಬೆಂಕಿ ದೇವರ ಆಜ್ಞೆಯಲ್ಲ, ಮೇಲ್ಜಾತಿಯವರ ಸಂಚು ಅಂತ ತೋರಿಸಿದರು. ವೆಣ್ಮಣಿ ಆದ ಮೇಲೆ ತಮಿಳಿನಲ್ಲಿ ಆ ಕಥೆಯನ್ನು ಹಳೆಯ ಹಾಗೆ ಹೇಳುವುದು ಕಷ್ಟವಾಗಿರಬೇಕು.

ಆದರೆ ಕೃತಿ ಕವಿಯ ಕೈಯಲ್ಲೇ ಉಳಿಯುವುದಿಲ್ಲ. ಇದು ನಮ್ಮ ವಾದದ ಕಷ್ಟದ ಭಾಗ. ಹರಿಕಥೆಯವರು ಭಾರತಿಯ ನಂದನನ್ನು ಊರೂರಿಗೆ ಒಯ್ದರು. ಸಿನಿಮಾದವರು ಒಯ್ದರು. ೧೯೩೫ರಲ್ಲಿ ಕೆ. ಬಿ. ಸುಂದರಾಂಬಾಳ್ ಗಂಡುವೇಷದಲ್ಲಿ ನಂದನಾದರು, ೧೯೪೨ರಲ್ಲಿ ಜೆಮಿನಿಯ ಚಿತ್ರದಲ್ಲಿ ದಂಡಪಾಣಿ ದೇಶಿಕರ್. ಗಾಂಧೀಜಿ ನಂದನಲ್ಲಿ ಸತ್ಯಾಗ್ರಹಿಯನ್ನು ಕಂಡರು, ಅಂದರೆ ತನ್ನನ್ನು ತಾನೇ ನೋಯಿಸಿಕೊಂಡು ಎದುರಾಳಿಯ ಮನಸ್ಸು ಕರಗಿಸುವವನನ್ನು. ನಮಗೆ ಈ ಓದು ಒಪ್ಪುವುದಿಲ್ಲ, ಮೊದಲೇ ನೊಂದವನಿಗೆ ಇನ್ನೂ ನೋಯಿಸಿಕೋ ಅನ್ನುವುದು ಯಾವ ನೀತಿ? ಆದರೂ ೧೯೩೯ರಲ್ಲಿ ಮಧುರೆಯ ಮೀನಾಕ್ಷಿ ಗುಡಿಗೆ ದಲಿತರು ಕಾಲಿಟ್ಟಾಗ, ಮದರಾಸು ಸರ್ಕಾರ ಕಾಯಿದೆ ಮಾಡಿದಾಗ, ಅದಕ್ಕೆ ನೆಲ ಹದ ಮಾಡಿದವುಗಳಲ್ಲಿ ಈ ಹಾಡುಗಳೂ ಇದ್ದವು ಅನ್ನುವುದನ್ನು ಹೇಗೆ ಅಲ್ಲಗಳೆಯುವುದು?

ನಮ್ಮವರೂ ನಂದನನ್ನು ಎತ್ತಿಕೊಂಡರು, ತಮಗೆ ಬೇಕಾದ ಹಾಗೆ. ದಲಿತ ಸನ್ಯಾಸಿ ಸಹಜಾನಂದರು ೧೯೧೬ರಲ್ಲಿ ಅದೇ ಚಿದಂಬರದಲ್ಲಿ ನಂದನ ಹೆಸರಿನಲ್ಲಿ ಶಾಲೆ ತೆರೆದರು. ಬೆಂಕಿಗೆ ಕಳಿಸಿದ ಊರಲ್ಲಿ ಸ್ಲೇಟು ಬಳಪ ಕೊಟ್ಟರು. ಅಯೋತ್ತಿದಾಸ ಪಂಡಿತರು ಪುರಾಣವನ್ನೇ ತಿರುಗಿಸಿ, ನಂದ ಜೀತದಾಳಲ್ಲ, ಬೌದ್ಧ ಅರಸ, ಅವನನ್ನು ಮೋಸದಿಂದ ಕೊಂದರು ಅಂತ ಬರೆದರು. ಅವರ ಬೌದ್ಧ ಸಂಘಕ್ಕೆ ನಮ್ಮ ಕೋಲಾರ ಚಿನ್ನದ ಗಣಿಯ ಮಾರಿಕುಪ್ಪದಲ್ಲಿ ಶಾಖೆ ಇತ್ತು. ಉತ್ತರ ಆರ್ಕಾಟಿನಿಂದ ಬಂದು ನೆಲದಾಳದಲ್ಲಿ ಬಂಡೆ ಒಡೆಯುತ್ತಿದ್ದ ದಲಿತ ಕಾರ್ಮಿಕರು ಅವರ ಪುಸ್ತಕಗಳನ್ನು ಗಣಿಯ ಊರಿನಿಂದಲೇ ಅಚ್ಚು ಹಾಕಿ ಹಂಚಿದರು. ಬಾಬಾಸಾಹೇಬರು ೧೯೪೮ರಲ್ಲಿ ಅಸ್ಪೃಶ್ಯರ ಮೂಲ ಕುರಿತ ತಮ್ಮ ಗ್ರಂಥವನ್ನು ಅರ್ಪಿಸಿದ್ದು ನಂದನಾರ್, ರವಿದಾಸ, ಚೋಖಾಮೇಳ ಈ ಮೂವರ ನೆನಪಿಗೆ. ಗುಡಿಯ ದೇವರನ್ನು ಬಿಟ್ಟವರು ಗುಡಿಯ ಹೊರಗೆ ನಿಂತವನನ್ನು ಬಿಡಲಿಲ್ಲ. ಭಾರತಿಯನ್ನು ಪೂರಾ ಎಸೆದುಬಿಡಿ ಅನ್ನುವ ಗೆಳೆಯರು ಈ ಅರ್ಪಣೆಯನ್ನು ನೆನೆಯಬೇಕು.

ಹಾಗಂತ ಸಂಗೀತ ಸಭೆಯ ಕಣ್ಣೀರನ್ನು ನಂಬಿ ಕೂರಲೂ ಆಗದು. ನಂದ ಗುಡಿಗೆ ತೊಗಲು ಕೊಟ್ಟ ಅಂದೆವಲ್ಲ. ಇವತ್ತು ನಂದನ ಹಾಡಿಗೆ ಪಕ್ಕವಾದ್ಯವಾಗಿ ನುಡಿಯುವ ಮೃದಂಗಕ್ಕೂ ಹಸುವಿನ ತೊಗಲು ಬೇಕು, ಅದನ್ನು ಹದ ಮಾಡಿ ಬಿಗಿಯುವವರಲ್ಲಿ ಬಹುಪಾಲು ದಲಿತ ಕ್ರೈಸ್ತರು. ಅವರ ಬದುಕಿನ ಬಗ್ಗೆ ಗಾಯಕ ಟಿ. ಎಂ. ಕೃಷ್ಣ ೨೦೨೦ರಲ್ಲಿ ಪುಸ್ತಕ ಬರೆದಾಗ, ಬಿಡುಗಡೆಗೆ ಸಭಾಂಗಣ ಕೊಡುತ್ತೇವೆ ಅಂದಿದ್ದ ಕಲಾಕ್ಷೇತ್ರ ಕೊನೆ ಗಳಿಗೆಯಲ್ಲಿ ಹಿಂದೆ ಸರಿಯಿತು. ಚಿದಂಬರದಲ್ಲೇ ೨೦೨೨ರ ಫೆಬ್ರವರಿಯಲ್ಲಿ ಕನಕಸಭೆಯ ಮೇಲೆ ನಿಂತು ದರ್ಶನ ಮಾಡಲು ಹೋದ ದಲಿತ ಹೆಣ್ಣುಮಗಳನ್ನು ತಡೆದು ನಿಂದಿಸಿದರೆಂಬ ದೂರಿನ ಮೇಲೆ ದೀಕ್ಷಿತರ ವಿರುದ್ಧ ಮೊಕದ್ದಮೆ ಹೂಡಲಾಯಿತು. ಆ ಮೇ ತಿಂಗಳಲ್ಲಿ ಸರ್ಕಾರ ಕನಕಸಭೆಯಿಂದ ದರ್ಶನಕ್ಕೆ ಅವಕಾಶ ಕೊಟ್ಟು ಆದೇಶ ಹೊರಡಿಸಿತು. ಬರಬಹುದೇ ಅನ್ನುವ ಹಾಡನ್ನು ನೂರೈವತ್ತು ವರ್ಷ ಕೇಳಿ ತಲೆದೂಗಿದ ಮೇಲೂ ಅದಕ್ಕೆ ಉತ್ತರ ಕೊಡಲು ಆದೇಶ ಬೇಕಾಯಿತು.

ಹಳ್ಳಿ ಶಾಲೆಗಳಲ್ಲಿ, ಸಂಘದ ಅಧ್ಯಯನ ಶಿಬಿರಗಳಲ್ಲಿ ಈ ಕಥೆ ಹೇಳುವ ಸಂಗಾತಿಗಳಿಗೆ ನಾವು ಹೇಳುವುದಿಷ್ಟು. ನಂದಿ ಸರಿದದ್ದು, ಬೆಂಕಿ ಹೂವಾದದ್ದು ಮಕ್ಕಳು ಟೀವಿಯಲ್ಲೂ ನೋಡಿಯಾರು. ಒಡೆಯನ ಮುಂದೆ ಕೈಕಟ್ಟಿ ನಿಂತು ಒಂದು ದಿನದ ರಜೆ ಕೇಳುವ ಭಾಗವನ್ನು ನಿಧಾನವಾಗಿ ಹೇಳಿ. ಭಾರತಿ ತನ್ನ ಜಾತಿಯ ಮಾತು ಮೀರಿ ಬರೆದದ್ದು ಅಲ್ಲಿ. ಆಮೇಲೆ ಬೆಳಗಾಗಿ ನಲವತ್ತು ವೇಲಿ ತೆನೆ ತೂಗುವಾಗ ಕಥೆ ನಿಲ್ಲಿಸಿ, ಈ ಭತ್ತ ಯಾರ ಕಣಜಕ್ಕೆ ಹೋಗುತ್ತೆ ಅಂತ ಕೇಳಿ. ಆಳುಮಕ್ಕಳ ಮನೆಯ ಹುಡುಗರು ಉತ್ತರ ಹೇಳುವುದಕ್ಕೆ ತಡ ಮಾಡುವುದಿಲ್ಲ. ಅವರು ಹೇಳಿ ಮುಗಿಸಲಿ, ನಂದ ಅಷ್ಟು ಹೊತ್ತು ಗದ್ದೆಯ ಬದುವಿನ ಮೇಲೆ ಕಾಯುತ್ತಾನೆ.